ಆಸ್ಪತ್ರೆಯ ಅಡಿಗೆಯಲ್ಲಿ ಉಷ್ಣದ ಪಾತ್ರ

ಆಸ್ಪತ್ರೆಯ ಊಟವೆಂದೊಡನೆ ಗಂಜಿ, ಬ್ರೆಡ್ಡು, ಉಪ್ಪುಖಾರವಿಲ್ಲದ ಸಾರು ಇವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ರೋಗಿಯನ್ನು ನೋಡಲು ಹೋದವರು, ಹೊತ್ತಾಯಿತೆಂದು ಅಲ್ಲಿಯ ಕ್ಯಾಂಟೀನಿನಲ್ಲೇ ಕುಳಿತು ಉಂಡು, ಇಡ್ಲಿ ಹೂವಿನಂತಿದೆ, ಸಾಂಬಾರು ಹದವಾಗಿದೆ ಎಂದು ಆಶ್ಚರ್ಯಪಡುವುದೂ ಉಂಟು. ಎಲ್ಲ ಆಸ್ಪತ್ರೆಗಳಿಗೂ ಈ ಮಾತು ಸಲ್ಲದು. ಸಲ್ಲುವ ಕಡೆಗಳಲ್ಲಿ ಮಾತ್ರ ಅದರ ಕೀರ್ತಿಯೆಲ್ಲ ಬಾಣಸಿಗನ ಕೈಗುಣದ್ದೆಂದು ತಿಳಿಯಬಾರದು. ನೂರಾರು ಜನರಿಗೆ ಒಮ್ಮೆಗೇ ಬೇಯಿಸುವಾಗ, ಉಷ್ಣವು ಪದಾರ್ಥದೊಳಗೆ ಹೇಗೆ ಹೊಗುತ್ತದೆ, ಅಲ್ಲಿಂದ ಹೇಗೆ ಹೊರಬೀಳುತ್ತದೆ ಎಂಬುದನ್ನು ರುಚಿಯೂ ಉಣ್ಣುವವರ ಕ್ಷೇಮವೂ ಅವಲಂಬಿಸಿರುತ್ತವೆ.

ಇದಕ್ಕೆ ಹಳೆಯದೊಂದು ನಿದರ್ಶನವಿದೆ. ಕ್ರಿಮಿಯದ ಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಇದಿರಾಗಿದ್ದ ಸ್ಕುಟಾರಿಯ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ ಅಲ್ಲಿಗೆ ಬಂದದ್ದು 1854ರ ನವೆಂಬರಿನಲ್ಲಿ. ಮರುವರ್ಷ ಲಂಡನ್ನಿನಲ್ಲಿ ಹೆಸರಾಗಿದ್ದ ಅಲೆಕ್ಸಿಸ್ ಸ್ವಾಯೇ ಎಂಬ ಫ್ರೆಂಚ್ ಪಾಕಶಾಸ್ತ್ರಜ್ಞನು ತಾನಾಗಿಯೇ ಮುಂದೆ ಬಂದು ಅಲ್ಲಿಯ ಅಡಿಗೆಮನೆಯನ್ನು ಕೈಗೆ ತೆಗೆದುಕೊಂಡನು. ಅವನು ಕಂಡದ್ದೇನು? ಒಂದೊಂದು ಪಂಕ್ತಿಯವರ ಪಾಲಿನ ಮಾಂಸದ ತುಂಡುಗಳನ್ನೆಲ್ಲ ಹಲಗೆಗೆ ಬಿಗಿದು ಕಟ್ಟಿ, ಗುರುತಿಗೆಂದು ಗುಂಡಿಯನ್ನೋ ಮೊಳೆಯನ್ನೋ ಸಿಕ್ಕಿಸಿ, ತಾಮ್ರದ ಹಂಡೆಯಲ್ಲಿ ಕುದಿಯಲು ಬಿಡುತ್ತಿದ್ದರು. ಹೊರಭಾಗ ನಾರುನಾರಾದರೂ ನಡುಭಾಗ ಹಸಿಯಾಗಿಯೇ ಉಳಿಯುತ್ತಿತ್ತು. ಸತ್ತ್ವವೆಲ್ಲ ಇಳಿದಿದ್ದ ಬಸಿನೀರನ್ನು ಚೆಲ್ಲಿಬಿಡುತ್ತಿದ್ದರು!

ಉಷ್ಣವು ಒಂದು ವಸ್ತುವಿನ ನಡುವನ್ನು ಮುಟ್ಟಲು ಹಿಡಿಯುವ ಕಾಲವು, ಸ್ಥೂಲವಾಗಿ, ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪವು ಇಮ್ಮಡಿಯಾದರೆ ಕಾಲವು ನಾಲ್ಮಡಿಯಾಗುತ್ತದೆ. ಮುಮ್ಮಡಿಯಾದರೆ ಒಂಬತ್ತು ಮಡಿ. ಬಿಗಿದು ಕಟ್ಟಿದ ತುಂಡುಗಳು ಬಿಡಿಬಿಡಿಯಾಗಿ ಬೇಯದೆ ಒಂದೇ ದೊಡ್ಡ ಗಡ್ಡೆಯಂತೆ ಬೇಯುತ್ತವೆ. ಸ್ವಾಯೇ ಮಾಡಿದ್ದು ತೀರ ಸುಲಭವಾದ ಕೆಲಸ: ಕಟ್ಟನ್ನು ಸಡಿಲಿಸಿ ತುಂಡುಗಳ ನಡುವೆ ಕುದಿನೀರು ಹರಿದಾಡುವಂತೆ ಮಾಡಿದನು; ಬಸಿನೀರನ್ನು ಉಳಿಸಿ ಸಾರಾಗಿಸಿದನು. ಬೆಂಕಿಯನ್ನು ಪೀಪಾಯಿಯಂಥ ಉರುಳೆಯೊಳಗೆ ಅಡಗಿಸಿದ ಅವನ ಒಲೆಯು ಎಷ್ಟು ಯೋಗ್ಯವಾಗಿತ್ತೆಂದರೆ, 1982ರ ಫಾಕ್‌ಲೆಂಡ್ ಯುದ್ಧದ ಕಾಲಕ್ಕೂ ಬ್ರಿಟಿಷ್ ಸೈನ್ಯವು ಅದೇ ಮಾದರಿಯ ಒಲೆಗಳನ್ನು ಇಟ್ಟುಕೊಂಡಿತ್ತು.

ಇಂದಿನ ದೊಡ್ಡ ಅಡಿಗೆಮನೆಗಳಲ್ಲಿ ಬೆಂಕಿಯ ಕೆಲಸವನ್ನು ಬಹುಮಟ್ಟಿಗೆ ಹಬೆಯು ವಹಿಸಿಕೊಂಡಿದೆ. ಅನಿಲದ ಜ್ವಾಲೆಯ ಉಷ್ಣತೆ ಸಾವಿರ ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ತಿಳಿನೀರಾದರೆ ಕೆಳಗೆ ಕಾದದ್ದು ಮೇಲೇರಿ, ಮೇಲಿನದು ಕೆಳಗಿಳಿದು, ಉಷ್ಣವನ್ನು ತಾನೇ ಹಂಚಿಕೊಳ್ಳುತ್ತದೆ. ಬೇಳೆಯ ಹುಳಿಯಂಥ ಮಂದವಾದ ಪದಾರ್ಥಕ್ಕೆ ಈ ಶಕ್ತಿಯಿಲ್ಲ. ತಳದ ಪದರವು ಇದ್ದಲ್ಲೇ ಇದ್ದು ಸೀದು ಹೋಗುತ್ತದೆ. ಆ ಸೀಕಲು ವಾಸನೆ ಹಂಡೆಯಷ್ಟಕ್ಕೂ ಹರಡುತ್ತದೆ. ಮದುವೆಮನೆಯಲ್ಲಿ ತಳಹಿಡಿದ ಪಾಯಸವನ್ನು ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಬೆಯ ಹಂಡೆಗೆ ಎರಡು ಗೋಡೆಗಳು. ನಡುವಿನ ಸಂದಿಗೆ ಹಬೆಯನ್ನು ಹಾಯಿಸುತ್ತಾರೆ. ಅದರ ಒತ್ತಡವು ವಾಯುಮಂಡಲದ ಒತ್ತಡದ ಒಂದೂವರೆಯಷ್ಟಿದ್ದರೆ ಉಷ್ಣತೆಯು ಸುಮಾರು 112 ಡಿಗ್ರಿ. ಒಳಗೋಡೆಯ ಯಾವ ಭಾಗವೂ ಇದಕ್ಕಿಂತ ಹೆಚ್ಚು ಕಾಯಲಾರದು. ಹಾಗಿದ್ದರೆ ಅಡಿಗೆ ನಿಧಾನವಾಗುವುದಿಲ್ಲವೆ? ಇಲ್ಲ. ಒಂದು ಕಿಲೋಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಏರಿಸಲು 100 ಕಿಲೋಕ್ಯಾಲೊರಿ ಸಾಕು. ಅದೇ ನೀರನ್ನು ಹಬೆಯಾಗಿಸಲು ಮತ್ತೆ ಸುಮಾರು 540 ಬೇಕು. ಈ ಗುಪ್ತೋಷ್ಣವನ್ನೆಲ್ಲ ಹಬೆಯು ಗೋಡೆಗೆ ತಗುಲಿ ನೀರಾಗುವಾಗ ಅಲ್ಲಿಯೇ ಬಿಟ್ಟುಕೊಡುತ್ತದೆ. ಇದರಲ್ಲಿ ಇನ್ನೊಂದು ಸ್ವಾರಸ್ಯವುಂಟು. ಗೋಡೆಯು ಎಲ್ಲಿ ಹೆಚ್ಚು ತಣ್ಣಗಿದೆಯೋ ಅಲ್ಲಿಯೇ ಹಬೆಯು ಹೆಚ್ಚಾಗಿ ಸಾಂದ್ರೀಕರಿಸುವುದರಿಂದ, ಉಷ್ಣವು ಬೇಕಾದ ಕಡೆಗೆ ತಾನಾಗಿಯೇ ಹರಿಯುತ್ತದೆ. ಇಡ್ಲಿಪಾತ್ರೆಯ ಅಂಚಿನ ಇಡ್ಲಿಯೂ ನಡುವಿನ ಇಡ್ಲಿಯೂ ಒಂದೇ ಹದದಲ್ಲಿ ಬೇಯುವ ಗುಟ್ಟೂ ಇದೇ.

ಬೇಯಿಸಿದ ಮೇಲೆ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ನಿಜವಾದ ಅಪಾಯವು ಒಲೆಯಾರಿದ ಮೇಲೆ ಮೊದಲಾಗುತ್ತದೆ. ಕ್ಲಾಸ್ಟ್ರಿಡಿಯಮ್ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯದೆ ಉಳಿಯಬಲ್ಲವು. ಆಮ್ಲಜನಕವು ಅದಕ್ಕೆ ವೈರಿ. ಕುದಿಸಿದಾಗ ಸಾರಿನಲ್ಲಿ ಕರಗಿದ್ದ ಗಾಳಿಯು ಹೊರಟುಹೋಗುವುದರಿಂದ ನಾವೇ ಅದಕ್ಕೆ ಅನುಕೂಲ ಮಾಡಿಕೊಟ್ಟಂತಾಗುತ್ತದೆ. ಸಾರು 45 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅದು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಹಾಗೆ ಮೂರು ಗಂಟೆ ನಡೆದರೆ ಒಂದು ಜೀವಿಯು 2,62,144 ಆಗಿರುತ್ತದೆ. ಇದಕ್ಕೆ ‘ಕೆಫೆಟೇರಿಯ ಕ್ರಿಮಿ’ ಎಂಬ ಅಡ್ಡಹೆಸರು ಬಂದಿರುವುದು ಸುಮ್ಮನೆ ಅಲ್ಲ. ಮನೆಯ ಚಿಕ್ಕ ಪಾತ್ರೆಯು ಬೇಗ ಆರುತ್ತದೆ. ಎಲ್ಲ ಅಳತೆಗಳಲ್ಲೂ ಅದರ ನಾಲ್ಮಡಿಯಿರುವ ಹಂಡೆಯಲ್ಲಿ ಸಾರು 64 ಪಟ್ಟು ಹಿಡಿದರೂ ಉಷ್ಣವು ಹೊರಹೋಗುವ ಮೇಲ್ಮೈ 16 ಪಟ್ಟು ಮಾತ್ರ ಇರುವುದು. ಆದುದರಿಂದ ಹಂಡೆಯ ನಡುಭಾಗವು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದುಬಿಡುತ್ತದೆ.

ಎಚ್ಚರಿಕೆಯುಳ್ಳ ಅಡಿಗೆಮನೆಯು ಎರಡರಲ್ಲೊಂದನ್ನು ಮಾಡುತ್ತದೆ: ಬಡಿಸುವವರೆಗೂ 60 ಡಿಗ್ರಿಗಿಂತ ಬಿಸಿಯಾಗಿ ಇಡುತ್ತದೆ, ಇಲ್ಲವೆ ಆಳವಿಲ್ಲದ ತಟ್ಟೆಗಳಿಗೆ ಸುರಿದು ಬೇಗ ತಣಿಸುತ್ತದೆ. ಅಮೆರಿಕದ ಆಹಾರ ಸಂಹಿತೆಯು 57ರಿಂದ 21 ಡಿಗ್ರಿಗೆ ಇಳಿಯಲು ಎರಡು ಗಂಟೆಯನ್ನೂ, ಅಲ್ಲಿಂದ 5 ಡಿಗ್ರಿಗೆ ಇಳಿಯಲು ಇನ್ನು ನಾಲ್ಕು ಗಂಟೆಯನ್ನೂ ಗಡುವಾಗಿ ಗೊತ್ತುಪಡಿಸಿದೆ.

ಇದನ್ನು ಅಲಕ್ಷಿಸಿದರೆ ಆಗುವುದೇನೆಂಬುದಕ್ಕೆ ಇಂಗ್ಲೆಂಡಿನ ವೇಕ್‌ಫೀಲ್ಡಿನಲ್ಲಿದ್ದ ಸ್ಟ್ಯಾನ್ಲಿ ರಾಯ್ಡ್ ಎಂಬ ಮಾನಸಿಕ ಚಿಕಿತ್ಸೆಯ ಆಸ್ಪತ್ರೆಯೇ ಸಾಕ್ಷಿ. 1984ರ ಆಗಸ್ಟಿನಲ್ಲಿ ಅಲ್ಲಿ ಬೇಯಿಸಿದ ದನದ ಮಾಂಸವು ರೆಫ್ರಿಜರೇಟರನ್ನು ಸೇರದೆ ಬೆಚ್ಚನೆಯ ಅಡಿಗೆಮನೆಯಲ್ಲಿಯೇ ಗಂಟೆಗಟ್ಟಲೆ ಉಳಿದಿತ್ತು. ಈ ಸಲ ಹೆಚ್ಚಿದ ಕ್ರಿಮಿ ಬೇರೆ, ಸಾಲ್ಮೊನೆಲ್ಲ; ಅದಕ್ಕೆ ದೊರೆತ ಅವಕಾಶ ಮಾತ್ರ ಅದೇ. ಮುನ್ನೂರಕ್ಕೂ ಹೆಚ್ಚು ರೋಗಿಗಳು ಹಾಸಿಗೆ ಹಿಡಿದರು; 19 ಜನರು ಸತ್ತರು. ಸರಕಾರಿ ಆಸ್ಪತ್ರೆಗಳು ರಾಣಿಯ ಸ್ವತ್ತೆಂದು ಆಹಾರ ಶುಚಿತ್ವದ ಕಾನೂನು ಅದುವರೆಗೆ ಅವುಗಳ ಅಡಿಗೆಮನೆಯನ್ನು ದಂಡಿಸುವಂತಿರಲಿಲ್ಲ. ಬಹಿರಂಗ ವಿಚಾರಣೆ ನಡೆದು, 1986ರ ಶಾಸನದಿಂದ ಈ ರಕ್ಷಣೆಯನ್ನು ಕಿತ್ತುಹಾಕಿದರು.

ವಿದ್ಯಾರ್ಥಿಗಳು ಈ ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸಮತೂಕದ ಬಿಸಿ ಗಂಜಿಯನ್ನು ಒಂದು ಆಳವಾದ ಚೆಂಬಿಗೂ ಒಂದು ಅಗಲವಾದ ತಟ್ಟೆಗೂ ಹಾಕಿ, 100 ಡಿಗ್ರಿಯವರೆಗೆ ಅಳೆಯುವ ಥರ್ಮಾಮೀಟರನ್ನು ನಡುವಿಗೆ ಇಳಿಸಿ ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿರಿ. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಒದಗದು, ಒಡೆದುಹೋಗುತ್ತದೆ. ಎರಡು ವಕ್ರರೇಖೆಗಳನ್ನೂ ಒಂದೇ ಕಾಗದದ ಮೇಲೆ ಎಳೆದು, 60 ಡಿಗ್ರಿಯ ಕೆಳಗೆ ಯಾವುದು ಎಷ್ಟು ಹೊತ್ತು ತಂಗಿತೆಂದು ನೋಡಿರಿ.