ಕೂಸಿನ ಮೊದಲ ತುತ್ತು ಮತ್ತು ಮಲಬದ್ಧತೆ

ಮಗುವಿಗೆ ಆರು ತಿಂಗಳು ತುಂಬಿತೆಂದರೆ ಮನೆಯಲ್ಲಿ ಸಂಭ್ರಮ. ಅದುವರೆಗೆ ತಾಯಿಯ ಎದೆಹಾಲೊಂದನ್ನೇ ನಂಬಿ ಬೆಳೆದ ಕೂಸು ಗುರುಹಿರಿಯರ ಸಮ್ಮುಖದಲ್ಲಿ ಮೊದಲ ತುತ್ತನ್ನು ಸವಿಯುತ್ತದೆ. ಆದರೆ ಈ ಸಂಭ್ರಮದ ಬೆನ್ನಿಗೇ ಅನೇಕ ಮನೆಗಳಲ್ಲಿ ಒಂದು ಚಿಂತೆಯೂ ತಲೆದೋರುವುದುಂಟು. ದಿನವೂ ಸಲೀಸಾಗಿ ಮಲವಿಸರ್ಜನೆ ಮಾಡುತ್ತಿದ್ದ ಕೂಸು ಮೂರು ದಿನಗಳಾದರೂ ಹೊರಗೆ ಹೋಗುವುದಿಲ್ಲ. ಹೋಗುವಾಗ ಮುಖ ಕೆಂಪೇರಿಸಿಕೊಂಡು ತಿಣುಕಿ ಅಳುತ್ತದೆ. ಆಡಿನ ಹಿಕ್ಕೆಯಂತಹ ಗಟ್ಟಿ ಉಂಡೆಗಳು ಬೀಳುತ್ತವೆ. ಆಗ ಅಜ್ಜಿ ಹರಳೆಣ್ಣೆಯ ಶೀಸೆಯನ್ನು ಹುಡುಕುತ್ತಾರೆ. ನೆರೆಮನೆಯವರು ವೀಳ್ಯದೆಲೆಯ ತೊಟ್ಟನ್ನು ಸೂಚಿಸುತ್ತಾರೆ. ಎಳೆಯ ತಾಯಿ ಏನೂ ತೋಚದೆ ಕುಳಿತುಬಿಡುತ್ತಾಳೆ.

ಈ ತೊಂದರೆಯ ಮೂಲ ಬಹುಮಟ್ಟಿಗೆ ಕೂಸಿನ ಊಟದ ಬಟ್ಟಲಿನಲ್ಲಿಯೇ ಇರುತ್ತದೆ. ಪರಿಹಾರವೂ ಅಲ್ಲಿಯೇ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ನಮ್ಮ ಮನೆಗಳ ಅಡುಗೆಯನ್ನೇ ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಮಲಬದ್ಧತೆ ಎಂದರೇನು?

ದಿನಗಳ ಎಣಿಕೆಯೊಂದರಿಂದಲೇ ಮಲಬದ್ಧತೆಯನ್ನು ನಿರ್ಣಯಿಸಲಾಗದು. ಕೇವಲ ಎದೆಹಾಲು ಕುಡಿಯುವ ಕೂಸು, ಒಂದು ತಿಂಗಳು ಕಳೆದ ಮೇಲೆ, ಕೆಲವೊಮ್ಮೆ ವಾರಕ್ಕೊಮ್ಮೆ ಮಾತ್ರ ಮಲವಿಸರ್ಜನೆ ಮಾಡುವುದುಂಟು. ಮಲ ಮೆತ್ತಗಿದ್ದು, ಕೂಸು ಚೆನ್ನಾಗಿ ಹಾಲು ಕುಡಿದು, ತೂಕ ಏರುತ್ತಿದ್ದರೆ ಅದು ರೋಗವಲ್ಲ. ಹಾಗೆಯೇ ಎಳೆಯ ಕೂಸು ಹತ್ತಾರು ನಿಮಿಷ ತಿಣುಕಿ ಅತ್ತು ಕೊನೆಗೆ ಮೆತ್ತನೆಯ ಮಲವನ್ನೇ ವಿಸರ್ಜಿಸಿದರೆ ಅದಕ್ಕೂ ಔಷಧ ಬೇಡ. ಹೊಟ್ಟೆಯನ್ನು ಬಿಗಿಹಿಡಿದು ಗುದದ್ವಾರವನ್ನು ಸಡಿಲಿಸುವ ಕ್ರಮವನ್ನು ಅದು ಇನ್ನೂ ಕಲಿಯುತ್ತಿರುತ್ತದೆ.

ಮಲ ಗಟ್ಟಿಯಾಗಿ, ಒಣಗಿ, ನೋವಿನಿಂದ ಹೊರಬರುವುದೇ ನಿಜವಾದ ಮಲಬದ್ಧತೆ. ನಮ್ಮ ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತಿರುತ್ತದೆ. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಒಣಗುತ್ತದೆ. ಒಣಗಿದ ಮಲ ಹೊರಬರುವಾಗ ಗುದದ್ವಾರದ ಎಳೆಯ ಚರ್ಮ ಸೀಳಿ ಒಂದೆರಡು ಎಳೆ ರಕ್ತ ಕಾಣಿಸಬಹುದು. ಒಮ್ಮೆ ನೋವನ್ನುಂಡ ಕೂಸು ಮುಂದಿನ ಸಲ ಹೆದರಿ ಮಲವನ್ನು ತಡೆಹಿಡಿಯುತ್ತದೆ. ತಡೆಹಿಡಿದ ಮಲ ಮತ್ತಷ್ಟು ಗಟ್ಟಿಯಾಗುತ್ತದೆ. ಈ ಚಕ್ರವನ್ನು ಆರಂಭದಲ್ಲಿಯೇ ಮುರಿಯದಿದ್ದರೆ ತೊಂದರೆ ವರ್ಷಗಟ್ಟಲೆ ಮುಂದುವರಿಯುವ ಸಂಭವವಿದೆ. ಆದ್ದರಿಂದ ಇದನ್ನು ಅಲಕ್ಷಿಸುವಂತಿಲ್ಲ.

ಬಟ್ಟಲಿನಲ್ಲಿ ಏನಿದೆ?

ನಮ್ಮ ಸೀಮೆಯಲ್ಲಿ ಕೂಸಿನ ಮೊದಲ ಆಹಾರವೆಂದರೆ ಅಕ್ಕಿಯ ಗಂಜಿ, ಕೂವೆಹಿಟ್ಟಿನ ಮಣ್ಣಿ, ಬಾಳೆಕಾಯಿ ಹುಡಿಯ ಮಣ್ಣಿ, ರಾಗಿಯ ಸರಿ. ಇವೆಲ್ಲವೂ ಸುಲಭವಾಗಿ ಜೀರ್ಣವಾಗುವ ಒಳ್ಳೆಯ ಆಹಾರಗಳೇ. ಆದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಅತ್ಯಲ್ಪ. ಕೂವೆಹಿಟ್ಟು ಗೆಡ್ಡೆಯನ್ನು ತೇಯ್ದು, ನೀರಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆದ ಪಿಷ್ಟ. ನಾರೆಲ್ಲವೂ ಚರಟದೊಡನೆ ಹೊರಟುಹೋಗಿರುತ್ತದೆ. ರಾಗಿಯಲ್ಲಿ ನಾರು ಯಥೇಚ್ಛವಾಗಿದ್ದರೂ ಅದನ್ನು ನೆನೆಸಿ, ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ ಹಾಲು ತೆಗೆದಾಗ ಬಹುಪಾಲು ನಾರು ಬಟ್ಟೆಯಲ್ಲಿಯೇ ಉಳಿಯುತ್ತದೆ.

ಬಾಳೆಕಾಯಿ ಹುಡಿಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. 2021ರಲ್ಲಿ ‘ಅಡಿಕೆ ಪತ್ರಿಕೆ’ಯ ಪ್ರೇರಣೆಯಿಂದ ‘ಬಾಕಾಹು’ ಎಂಬ ಹೆಸರಿನಲ್ಲಿ ಇದು ಉತ್ತರ ಕನ್ನಡದ ಅನೇಕ ಮನೆಗಳನ್ನು ಹೊಕ್ಕಿತು. ತೋಟದ ಬಾಳೆಗೊನೆಗೆ ಬೆಲೆ ಬರದಿದ್ದಾಗ ಗೃಹಿಣಿಯರೇ ಒಣಗಿಸಿ ಹುಡಿ ಮಾಡಿದುದು ಮೆಚ್ಚತಕ್ಕ ಕಾರ್ಯ. ಬೇಯಿಸಿದ ಬಾಳೆಕಾಯಿಯು ದೀರ್ಘಕಾಲದ ಭೇದಿಯಿಂದ ಬಳಲುವ ಶಿಶುಗಳಿಗೆ ಗುಣಕಾರಿ ಎಂಬುದನ್ನು ಢಾಕಾದ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಹಾಗಿರುವಾಗ ಮಲ ಈಗಾಗಲೇ ಗಟ್ಟಿಯಾಗಿರುವ ಕೂಸಿಗೆ ಅದನ್ನೇ ಮೂರು ಹೊತ್ತೂ ಉಣಿಸುವುದು ವಿವೇಕವಲ್ಲ. ಆಹಾರದಲ್ಲಿ ದೋಷವಿಲ್ಲ, ಒಂದೇ ಬಗೆಯ ಬಿಳಿಯ ಆಹಾರವನ್ನು ದಿನವಿಡೀ ಕೊಡುವುದರಲ್ಲಿ ದೋಷವಿದೆ.

ಇನ್ನೊಂದು ಕಾರಣ ಆಕಳ ಅಥವಾ ಎಮ್ಮೆಯ ಹಾಲು. ಕೊಟ್ಟಿಗೆಯಲ್ಲಿ ಹೈನು ಸಮೃದ್ಧವಾಗಿರುವ ಮನೆಗಳಲ್ಲಿ ಆರನೆಯ ತಿಂಗಳಿಗೇ ಲೋಟಗಟ್ಟಲೆ ಹಾಲು ಕುಡಿಸುವ ರೂಢಿಯಿದೆ. ಒಂದು ವರ್ಷ ತುಂಬುವವರೆಗೆ ಇದು ಕೂಸಿನ ಮುಖ್ಯ ಪಾನೀಯವಾಗಕೂಡದು. ಹೆಚ್ಚು ಹಾಲು ಮಲವನ್ನು ಗಟ್ಟಿಮಾಡುತ್ತದೆ, ಹೊಟ್ಟೆ ತುಂಬಿಸಿ ಇತರ ಆಹಾರಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ, ರಕ್ತಹೀನತೆಗೂ ದಾರಿಯಾಗುತ್ತದೆ. ಡಬ್ಬದ ಹಾಲುಪುಡಿಯನ್ನು ಸೂಚಿಸಿದುದಕ್ಕಿಂತ ಮಂದವಾಗಿ ಕಲಸಿದರೂ ಇದೇ ಫಲ.

ಪರಿಹಾರವೂ ಹಿತ್ತಲಿನಲ್ಲಿ

ಮೊದಲನೆಯದಾಗಿ, ಎದೆಹಾಲನ್ನು ನಿಲ್ಲಿಸಬೇಡಿ. ಹೊಸ ಆಹಾರ ಎದೆಹಾಲಿಗೆ ಜೊತೆಯಾಗಬೇಕೇ ಹೊರತು ಅದರ ಸ್ಥಾನವನ್ನು ಕಸಿಯಬಾರದು. ಎರಡನೆಯದಾಗಿ, ಆರು ತಿಂಗಳ ಬಳಿಕ ಊಟದೊಂದಿಗೆ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಮೊದಮೊದಲು ದಿನಕ್ಕೆ ಅರ್ಧ ಲೋಟದಷ್ಟು ಸಾಕು. ನೀರಿನಿಂದಲೇ ಹೊಟ್ಟೆ ತುಂಬಿಸಬೇಡಿ.

ಮೂರನೆಯದಾಗಿ, ಬಟ್ಟಲಿಗೆ ಬಣ್ಣ ಬರಲಿ. ಚೆನ್ನಾಗಿ ಕಳಿತ ಪಪ್ಪಾಯಿ, ಬೀಜ ತೆಗೆದ ಚಿಕ್ಕು, ರಾತ್ರಿ ನೆನೆಸಿಟ್ಟು ಬೆಳಿಗ್ಗೆ ನುಣ್ಣಗೆ ಅರೆದ ಒಣದ್ರಾಕ್ಷಿ, ಬೇಯಿಸಿ ಕಿವುಚಿದ ಸಿಹಿಗುಂಬಳ, ಗೆಣಸು, ಹರಿವೆ ಮತ್ತು ಬಸಳೆಯ ಸೊಪ್ಪು, ಇವೆಲ್ಲ ಮಲವನ್ನು ಮೃದುಗೊಳಿಸಲು ನೆರವಾಗುತ್ತವೆ. ಹಣ್ಣಿನ ರಸಕ್ಕಿಂತ ಕಿವುಚಿದ ಹಣ್ಣೇ ಮೇಲು. ರಸ ಹಿಂಡಿದಾಗ ನಾರು ಹಿಂದುಳಿಯುತ್ತದೆ. ಬಾಳೆಹಣ್ಣನ್ನು ಸಿಪ್ಪೆಯ ಮೇಲೆ ಚುಕ್ಕೆ ಬರುವಷ್ಟು ಪೂರ್ಣ ಕಳಿತ ಮೇಲೆಯೇ ಕೊಡಬೇಕು. ಇಡಿಯ ದ್ರಾಕ್ಷಿ, ಶೇಂಗಾ, ಗಟ್ಟಿ ಹೋಳುಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅವನ್ನು ಕೂಸಿನ ಕೈಗೆ ಕೊಡಲೇಬಾರದು.

ನಾಲ್ಕನೆಯದಾಗಿ, ಬರಿಯ ಗಂಜಿಯ ಬದಲು ಅಕ್ಕಿಯ ಜೊತೆ ಹೆಸರುಬೇಳೆ, ಒಂದು ತರಕಾರಿ, ಒಂದು ಚಮಚ ತುಪ್ಪ ಸೇರಿಸಿ ಮೆತ್ತಗೆ ಬೇಯಿಸಿ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಬೇಳೆಯೂ ಸೊಪ್ಪೂ ಕೂಸಿಗೆ ಪುಷ್ಟಿಯನ್ನು ಒದಗಿಸುವ ಮುಖ್ಯ ಆಧಾರಗಳು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ನುಣ್ಣಗೆ ಬೀಸಿದರೆ ಬಟ್ಟೆಯಲ್ಲಿ ಸೋಸುವ ಅಗತ್ಯ ಬೀಳದು. ಆರಂಭದಲ್ಲಿ ಎರಡು ಮೂರು ಚಮಚದಿಂದ ಮೊದಲಾಗಿ, ಎಂಟನೆಯ ತಿಂಗಳ ಹೊತ್ತಿಗೆ ಹೊತ್ತಿಗೆ ಅರ್ಧ ಬಟ್ಟಲಿನಷ್ಟು (ಸುಮಾರು 125 ಮಿ.ಲೀ.), ದಿನಕ್ಕೆ ಎರಡು ಮೂರು ಬಾರಿ ಉಣಿಸಬಹುದು. ಹೊಸ ಪದಾರ್ಥವನ್ನು ಒಂದೊಂದಾಗಿ, ಮೂರು ದಿನಗಳ ಅಂತರದಲ್ಲಿ ಪರಿಚಯಿಸಿದರೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದು ತಿಳಿಯುತ್ತದೆ.

ಇವುಗಳೊಡನೆ ಅಜ್ಜಿಯರ ಕೈಯ ಎಣ್ಣೆ ನೀವುವಿಕೆ, ಬಿಸಿನೀರ ಸ್ನಾನ, ಕೂಸನ್ನು ಅಂಗಾತ ಮಲಗಿಸಿ ಸೈಕಲ್ ತುಳಿದಂತೆ ಕಾಲುಗಳನ್ನು ಆಡಿಸುವುದು, ನೆಲದ ಮೇಲೆ ಅಂಬೆಗಾಲಿಡಲು ಬಿಡುವುದು ಹಿತಕರ. ನೀವುವಾಗ ಹೊಕ್ಕುಳ ಸುತ್ತ ಹಗುರವಾಗಿ ಕೈಯಾಡಿಸಿದರೆ ಸಾಕು; ಹೊಟ್ಟೆಯನ್ನು ಒತ್ತಬಾರದು.

ಸರಕಾರದ ಕಾರ್ಯಕ್ರಮದಂತೆ ಆರು ತಿಂಗಳ ಮೇಲ್ಪಟ್ಟ ಮಕ್ಕಳಿಗೆ ವಾರಕ್ಕೆರಡು ಬಾರಿ ಕಬ್ಬಿಣಾಂಶದ ಸಿರಪ್ ನೀಡಲಾಗುತ್ತದೆ. ಅದರಿಂದ ಮಲ ಕಪ್ಪಾಗುವುದು ಸಹಜ. ಆ ಕಾರಣಕ್ಕೆ ಅದನ್ನು ನಿಲ್ಲಿಸಬೇಡಿ.

ಬಿಡಬೇಕಾದ ರೂಢಿಗಳು

ಹಿರಿಯರ ಅನುಭವದಲ್ಲಿ ನಮಗೆ ಗೌರವವಿದೆ. ಆದರೂ ಕೆಲವು ರೂಢಿಗಳನ್ನು ವಿನಯದಿಂದಲೇ ಕೈಬಿಡಬೇಕಾಗಿದೆ. ವೀಳ್ಯದೆಲೆಯ ತೊಟ್ಟನ್ನಾಗಲಿ, ಸೋಪಿನ ಚೂರನ್ನಾಗಲಿ ಗುದದ್ವಾರದಲ್ಲಿ ಇಡುವುದರಿಂದ ಒಳಗಿನ ಮೃದುವಾದ ಪೊರೆ ಕೆರಳುತ್ತದೆ, ಗಾಯವಾಗುತ್ತದೆ, ನಂಜಾಗುವುದೂ ಉಂಟು. ಹರಳೆಣ್ಣೆಯನ್ನು ಬಾಯಿಗೆ ಸುರಿಯುವುದು ಇನ್ನೂ ಅಪಾಯಕರ. ಅಳುವ ಕೂಸಿನ ಬಾಯಿಗೆ ಬಲವಂತವಾಗಿ ಹಾಕಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಗುಣವಾಗಲು ಕಷ್ಟವಾದ ಒಂದು ಬಗೆಯ ನ್ಯುಮೋನಿಯಾವನ್ನು ತರುತ್ತದೆ.

ಮೂರನೆಯದು ಜೇನು. ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಶುದ್ಧವಾದ ತುಡುವೆ ಜೇನಿಗೆ ಕೊರತೆಯಿಲ್ಲ. ಹೊಟ್ಟೆ ಸಡಿಲವಾಗಲೆಂದು ಕೂಸಿಗೆ ಅದನ್ನು ನೆಕ್ಕಿಸುವವರಿದ್ದಾರೆ. ಆದರೆ ಎಷ್ಟೇ ಶುದ್ಧವಾದ ಜೇನಿನಲ್ಲಿಯೂ ಬೊಟುಲಿನಮ್ ಎಂಬ ರೋಗಾಣುವಿನ ಬೀಜಕಣಗಳು ಇರುವ ಸಂಭವವಿದೆ. ದೊಡ್ಡವರ ಕರುಳಿನಲ್ಲಿ ಅವು ನಿರುಪದ್ರವಿ. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡುತ್ತವೆ. 1976ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು ಈ ರೋಗವನ್ನು ಶಿಶುಗಳಲ್ಲಿ ಮೊದಲಿಗೆ ಗುರುತಿಸಿದರು. ರೋಗ ಅಪರೂಪದ್ದಾದರೂ ಪ್ರಾಣಾಂತಿಕವಾಗಬಲ್ಲದು. ಅದರ ಮೊದಲ ಲಕ್ಷಣವೇ ಬಹುತೇಕ ಮಲಬದ್ಧತೆ! ಅನಂತರ ಅಳು ಕ್ಷೀಣಿಸುತ್ತದೆ, ಕೂಸು ಹಾಲು ಚೀಪಲಾರದು, ರೆಪ್ಪೆ ಜೋಲುತ್ತದೆ, ಕೈಕಾಲು ಸಡಿಲಾಗುತ್ತವೆ. ಆದ್ದರಿಂದ ವರ್ಷ ತುಂಬುವವರೆಗೆ ಜೇನಿನ ಹನಿಯೂ ಬೇಡ.

ಯಾವಾಗ ತಡಮಾಡಬಾರದು?

ಊಟದ ಬದಲಾವಣೆಯಿಂದ ಒಂದೆರಡು ವಾರದಲ್ಲಿ ಗುಣ ಕಾಣದಿದ್ದರೆ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ಅವರು ಕೂಸಿನ ತೂಕ ನೋಡಿ ಲ್ಯಾಕ್ಟುಲೋಸಿನಂತಹ ಮಲವನ್ನು ಮೃದುಗೊಳಿಸುವ ಔಷಧ ಕೊಟ್ಟರೆ, ಹೇಳಿದಷ್ಟು ದಿನ ಪೂರ್ಣವಾಗಿ ಕೊಡಿ. ಎರಡು ದಿನ ಸರಿಹೋಯಿತೆಂದು ನಿಲ್ಲಿಸಿದರೆ ತೊಂದರೆ ಮರುಕಳಿಸುತ್ತದೆ. ಆದರೆ ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕೈಹಾಕಬಾರದು:

1. ಹಸಿರು ಬಣ್ಣದ ವಾಂತಿ. ಉಬ್ಬಿ ಬಿಗಿದ ಹೊಟ್ಟೆ.

2. ಬಿಟ್ಟು ಬಿಟ್ಟು ಚೀರಿ ಅಳುವುದು, ಕಾಲುಗಳನ್ನು ಹೊಟ್ಟೆಗೆ ಮಡಚಿಕೊಳ್ಳುವುದು, ನಡುವೆ ನಿಸ್ತೇಜವಾಗುವುದು, ಲೋಳೆ ಬೆರೆತ ಕೆಂಪು ಮಲ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವ ಈ ಸ್ಥಿತಿ ಐದರಿಂದ ಒಂಬತ್ತು ತಿಂಗಳ ಕೂಸುಗಳಲ್ಲಿಯೇ ಹೆಚ್ಚು.

3. ಜ್ವರ, ಹಾಲು ನಿರಾಕರಣೆ, ಅತಿಯಾದ ನಿದ್ದೆ ಅಥವಾ ಮಂಕು.

4. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದ ಕೂಸಿನಲ್ಲಿ ಈಗ ಮಲಬದ್ಧತೆ. ಕರುಳಿನ ಕೊನೆಯ ಭಾಗದಲ್ಲಿ ನರಗಳಿಲ್ಲದ ಹುಟ್ಟುದೋಷವಿರಬಹುದು. ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಗುತ್ತದೆ.

5. ತೂಕ ಏರದಿರುವುದು, ಬೆಳವಣಿಗೆ ಕುಂಠಿತವಾಗುವುದು. ಥೈರಾಯ್ಡ್ ಗ್ರಂಥಿಯ ಕೊರತೆಯೂ ಹೀಗೆ ಕಾಣಿಸಿಕೊಳ್ಳುತ್ತದೆ.

ಕೋಲಸಿರ್ಸಿಯಂತಹ ಊರಿನವರಿಗೆ, ಅದಕ್ಕಿಂತ ಹೆಚ್ಚಾಗಿ ಸಂಕ ದಾಟಿ ಬರಬೇಕಾದ ಒಳಕೇರಿಗಳವರಿಗೆ, ಈ ಮಾತು ಬಹು ಮುಖ್ಯ. ಮಕ್ಕಳ ಶಸ್ತ್ರಚಿಕಿತ್ಸೆ ಬೇಕಾದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಹೋಗಬೇಕು. ಆಷಾಢದ ಮಳೆಯಲ್ಲಿ ಹಳ್ಳ ತುಂಬಿ, ಮರ ಬಿದ್ದು ದಾರಿ ಕಟ್ಟುವುದು ಹೊಸದಲ್ಲ. ಹಸಿರು ವಾಂತಿಯಾದ ಕೂಸಿಗೆ ‘ನಾಳೆ ನೋಡೋಣ’ ಎಂಬ ಮಾತು ಸಲ್ಲದು. ಆಶಾ ಕಾರ್ಯಕರ್ತೆಯರಿಗೆ ತಿಳಿಸಿ, 108ಕ್ಕೆ ಕರೆ ಮಾಡಿ, ಕೂಡಲೇ ಹೊರಡಬೇಕು.

ಕೊನೆಯ ಮಾತು

ತಾಯಿ ಕಾರ್ಡಿನಲ್ಲಿ ತಿಂಗಳಿಗೊಮ್ಮೆ ಕೂಸಿನ ತೂಕವನ್ನು ಬರೆಸುವಂತೆಯೇ, ಕೂಸು ಏನು ಉಂಡಿತು, ಮಲ ಹೇಗಿತ್ತು ಎಂಬುದನ್ನೂ ಕೆಲವು ದಿನ ಗುರುತಿಟ್ಟುಕೊಂಡರೆ ಕಾರಣ ತಾನಾಗಿ ಹೊಳೆಯುತ್ತದೆ, ವೈದ್ಯರಿಗೂ ನೆರವಾಗುತ್ತದೆ. ಅತ್ತೆಯ ಅನುಭವ, ಸೊಸೆಯ ತಿಳಿವಳಿಕೆ ಎರಡೂ ಒಂದೇ ಬಟ್ಟಲಿಗಾಗಿ ಕೂಡಿ ದುಡಿಯಲಿ. ತಂದೆಯಾದವನೂ ಸಂತೆಯಿಂದ ಬರುವಾಗ ಬಿಸ್ಕತ್ತಿನ ಪೊಟ್ಟಣದ ಬದಲು ಒಂದು ಪಪ್ಪಾಯಿ, ಒಂದು ಕಟ್ಟು ಹರಿವೆ ತರಲಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಈ ಒಂದು ವಿಷಯದಲ್ಲಾದರೂ ನಮ್ಮ ಮನೆಗಳು ಸುಳ್ಳುಮಾಡಲಿ.