ಮೂವತ್ತನೆಯ ಕಿಲೋಮೀಟರಿನ ಆಚೆ

ಜನವರಿಯಲ್ಲಿ ನಡೆಯುವ ಮುಂಬಯಿ ಮ್ಯಾರಥಾನ್‌ನಲ್ಲಿ ಗೆಲ್ಲಬೇಕೆಂದು ಓಡುವವರು ಬೆರಳೆಣಿಕೆಯಷ್ಟು ಜನ. ಉಳಿದವರಿಗೆ ಮುಗಿಸಿದರೆ ಸಾಕು. ಅವರಲ್ಲೂ ಒಂದಿಷ್ಟು ಮಂದಿ ಯಾವುದೋ ಶಾಲೆಗೆ, ಕ್ಯಾನ್ಸರ್ ರೋಗಿಗಳ ಆರೈಕೆಗೆ, ಬೀದಿಮಕ್ಕಳ ಊಟಕ್ಕೆ ಎಂದು ಹಣ ಕೂಡಿಸಿಕೊಂಡು ಬಂದಿರುತ್ತಾರೆ. 2004ರಲ್ಲಿ ಶುರುವಾದ ಈ ಓಟ ಧನಸಂಗ್ರಹಕ್ಕೂ ಹೆಸರುವಾಸಿ. ಲಂಡನ್ನಿನಲ್ಲಿ ಈ ರೂಢಿ ಇನ್ನೂ ಹಳೆಯದು. 1981ರಲ್ಲಿ ಆರಂಭವಾದ ಅಲ್ಲಿನ ಮ್ಯಾರಥಾನ್ ಈವರೆಗೆ ನೂರು ಕೋಟಿ ಪೌಂಡಿಗೂ ಮಿಕ್ಕಿ ಒಟ್ಟುಮಾಡಿಕೊಟ್ಟಿದೆ. ಕೊಡುವವರಲ್ಲಿ ಹೆಚ್ಚಿನವರು ದೊಡ್ಡ ಕುಳಗಳಲ್ಲ. ಓಡುವವನ ಸಹೋದ್ಯೋಗಿಗಳು, ಚಿಕ್ಕಪ್ಪ ಚಿಕ್ಕಮ್ಮಂದಿರು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನವರು.

ಯೋಚಿಸಿದರೆ ಇದು ವಿಚಿತ್ರ. ಶಾಲೆಗೆ ಬೇಕಾದದ್ದು ದುಡ್ಡು. ಒಬ್ಬರು ಬೆವರು ಸುರಿಸಿ ಓಡಿದರೆ ಅಲ್ಲಿ ಒಂದು ಬೆಂಚೂ ತಯಾರಾಗುವುದಿಲ್ಲ. ಹಾಗಿದ್ದೂ "ಶಾಲೆಗೆ ಐನೂರು ಕೊಡಿ" ಎಂದಾಗ ಬಿಚ್ಚದ ಕೈ, "ಶಾಲೆಗಾಗಿ 42 ಕಿಲೋಮೀಟರ್ ಓಡ್ತಿದ್ದೀನಿ" ಎಂದಾಗ ಬಿಚ್ಚುತ್ತದೆ. ಕ್ರಿಸ್ಟೊಫರ್ ಒಲಿವೊಲಾ ಮತ್ತು ಎಲ್ಡಾರ್ ಶಫೀರ್ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆಗೆ ಒಡ್ಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಧರ್ಮಕಾರ್ಯಕ್ಕೆ ಆರಾಮಾಗಿ ಪಿಕ್‌ನಿಕ್ ಏರ್ಪಡಿಸುವ ಬದಲು ಕಷ್ಟದ ಓಟ ಏರ್ಪಡಿಸಿದರೆ ಜನ ಹೆಚ್ಚು ಕೊಡಲು ಒಪ್ಪುತ್ತಾರೆ. ಕೊರೆಯುವ ತಣ್ಣೀರಿನಲ್ಲಿ ಕೈ ಅದ್ದಿ ಹಿಡಿಯಬೇಕು ಎಂಬ ಷರತ್ತು ಹಾಕಿದಾಗ ನಿಜವಾದ ಹಣವನ್ನೂ ಹೆಚ್ಚೇ ಕೊಟ್ಟರು. ನೋವು ಕೊಡುಗೆಗೆ ಅರ್ಥ ತುಂಬುತ್ತದೆ ಎನ್ನುವುದು ಅವರ ವಿವರಣೆ. ಮನುಷ್ಯರ ಸಂಕಟ ನೀಗುವ ಕೆಲಸವಾದರೆ ಈ ಪರಿಣಾಮ ಜೋರು; ಉದ್ಯಾನವನದಂಥ ಖುಷಿಯ ಕೆಲಸಕ್ಕೆ ಅಷ್ಟಿಲ್ಲ. ನಮಗೆ ಇದೇನೂ ಹೊಸದಲ್ಲ. ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿಯ ಊರುಗಳವರು ಕರೆದು ಮಜ್ಜಿಗೆ, ಊಟ ಕೊಡುತ್ತಾರೆ. ಅದೇ ದೇವರ ದರ್ಶನಕ್ಕೆ ಬಸ್ಸಿನಲ್ಲಿ ಹೋಗುವವರನ್ನು ಯಾರೂ ಕರೆಯುವುದಿಲ್ಲ.

ಅಂದರೆ ಧರ್ಮಕ್ಕೆಂದು ಮೊದಲ ಸಲ ಮ್ಯಾರಥಾನ್ ಓಡುವವರು ಮಾರುತ್ತಿರುವ ಸರಕು ತಮ್ಮ ಕಷ್ಟವೇ. ಆ ಕಷ್ಟ ದೇಹದೊಳಗೆ ಹೇಗೆ ಹುಟ್ಟುತ್ತದೆ?

ಲೆಕ್ಕ ಸರಳ. ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೊಕ್ಯಾಲರಿ ಖರ್ಚು. 60 ಕಿಲೋ ತೂಗುವವರಿಗೆ ಇಡೀ ಮ್ಯಾರಥಾನಿಗೆ ಸುಮಾರು 2,500. ದೇಹ ಬೇಗ ಉರಿಸಬಲ್ಲ ಇಂಧನ ಸಕ್ಕರೆ. ಅದು ಗ್ಲೈಕೊಜನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಗ್ರಾಂಗೆ ನಾಲ್ಕರಂತೆ ಒಟ್ಟು 2,000. ಅದೂ ಪೂರ್ತಿ ಕೈಗೆ ಸಿಗದು: ಒಂದು ಸ್ನಾಯುವಿನ ಗ್ಲೈಕೊಜನ್ ಇನ್ನೊಂದರ ಪಾಲಾಗುವುದಿಲ್ಲ, ಏಕೆಂದರೆ ಅದನ್ನು ಬಿಡಿ ಸಕ್ಕರೆಯಾಗಿಸಿ ರಕ್ತಕ್ಕೆ ಬಿಡುವ ಕಿಣ್ವ ಸ್ನಾಯುಗಳಲ್ಲಿಲ್ಲ. ತೋಳಿನಲ್ಲಿ ಉಳಿದದ್ದು ತೊಡೆಗೆ ಬರುವುದಿಲ್ಲ. ಯಕೃತ್ತು ಮಾತ್ರ ಹಂಚುತ್ತದೆ, ಮಿದುಳಿಗೂ ಅಲ್ಲಿಂದಲೇ ಹೋಗಬೇಕು. ಕೊಬ್ಬಿಗೇನೂ ಕೊರತೆಯಿಲ್ಲ, ಹತ್ತು ಕಿಲೋ ಕೊಬ್ಬಿದ್ದರೆ ಮೂವತ್ತು ಮ್ಯಾರಥಾನಿಗೆ ಸಾಕು. ಆದರೆ ಅದು ನಿಧಾನಕ್ಕೆ ಉರಿಯುತ್ತದೆ, ಅಷ್ಟೇ ಶಕ್ತಿಗೆ ಆಮ್ಲಜನಕವನ್ನೂ ಹೆಚ್ಚು ಕೇಳುತ್ತದೆ. ಹಾಗಾಗಿ ಓಟ ಚುರುಕಾದಷ್ಟೂ ಸಕ್ಕರೆಯ ಪಾಲು ಏರುತ್ತದೆ. ಉತ್ಸಾಹದಲ್ಲಿ ಮೊದಲ ಹತ್ತು ಕಿಲೋಮೀಟರ್ ಜೋರಾಗಿ ಓಡಿದವರಿಗೆ ಮೂವತ್ತರ ಆಸುಪಾಸಿನಲ್ಲಿ ಕಾಲು ಕಬ್ಬಿಣವಾಗುತ್ತದೆ, ತಲೆ ಮಂಕಾಗುತ್ತದೆ. ಓಟಗಾರರು 'ವಾಲ್' ಎನ್ನುವುದು ಇದನ್ನೇ. ಮುಂಬಯಿಯವರಿಗೆ ಸರಿಯಾಗಿ ಆಮೇಲೆಯೇ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ.

42.195 ಎಂಬ ದೂರಕ್ಕೆ ದೇಹಶಾಸ್ತ್ರದ ಯಾವ ಆಧಾರವೂ ಇಲ್ಲ, ಅನ್ನಿ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಾಸನದ ಮುಂದಿನವರೆಗೆ ಅಷ್ಟಿತ್ತು. 1921ರಲ್ಲಿ ಅದನ್ನೇ ಅಧಿಕೃತ ಮಾಡಿದರು. ಮೂವತ್ತಕ್ಕೇ ನಿಲ್ಲಿಸಿದ್ದರೆ ಬಹುಪಾಲು ಜನ ನಗುತ್ತಲೇ ಮುಗಿಸುತ್ತಿದ್ದರು. ಆಗ ದೇಣಿಗೆ ಎಷ್ಟು ಕಡಿಮೆಯಾಗುತ್ತಿತ್ತೋ!

ಸಕ್ಕರೆಯ ಪಾತ್ರ ಮೊದಲು ಕಂಡದ್ದು ಬಾಸ್ಟನ್ನಿನಲ್ಲಿ. 1924ರ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷಿಸಿದ ವೈದ್ಯರಿಗೆ ಸುಸ್ತಾಗಿ ಬಿದ್ದವರಲ್ಲಿ ಸಕ್ಕರೆ ತೀರಾ ಇಳಿದದ್ದು ಕಂಡಿತು. ಮರುವರ್ಷ ಓಟದ ನಡುವೆ ಮಿಠಾಯಿ ತಿನ್ನಿಸಿದರು, ಓಟಗಾರರು ಗಟ್ಟಿಯಾಗೇ ಮುಗಿಸಿದರು. ಇನ್ನೂ ಸೊಗಸಾದ ಪ್ರಯೋಗ ಸ್ವೀಡನ್ನಿನ ಯೊನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಅವರದು. ಇಬ್ಬರೂ ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಒಂದೇ ಕಾಲಿನಲ್ಲಿ ಸೈಕಲ್ ತುಳಿದು ದಣಿದರು. ಇನ್ನೊಂದು ಕಾಲಿಗೆ ವಿಶ್ರಾಂತಿ. ಆಮೇಲೆ ಮೂರು ದಿನ ಪಿಷ್ಟ, ಸಕ್ಕರೆ ಹೆಚ್ಚಿದ್ದ ಊಟ. ಸೂಜಿಯಿಂದ ತೊಡೆಯ ಚೂರು ತೆಗೆದು ನೋಡಿದರೆ ದಣಿದ ಕಾಲಿನಲ್ಲಿ ಗ್ಲೈಕೊಜನ್ ದಣಿಯದ ಕಾಲಿನದರ ಎರಡರಷ್ಟು. 1966ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದಲೇ ಓಟದ ಹಿಂದಿನ ಎರಡು ದಿನ ಪಿಷ್ಟವನ್ನು ಯಥೇಚ್ಛ ತಿನ್ನುವ ಪದ್ಧತಿ ಬಂದದ್ದು. ಈಗಿನ ಸಲಹೆ ದಿನಕ್ಕೆ ಮೈತೂಕದ ಕಿಲೋಗೆ ಹತ್ತು ಗ್ರಾಂ. 60 ಕಿಲೋದವರಿಗೆ 600 ಗ್ರಾಂ ಆಯಿತು. ಬರೀ ಅನ್ನದಿಂದಲೇ ಆಗಬೇಕೆಂದರೆ ಎರಡು ಕಿಲೋಗೂ ಹೆಚ್ಚು ಅನ್ನ! ಅನ್ನದ ಜೊತೆ ಅವಲಕ್ಕಿ, ಬಾಳೆಹಣ್ಣು, ಬೆಲ್ಲ ಸೇರಿಸಿದರೆ ಮಾತ್ರ ಹೊಟ್ಟೆ ಒಪ್ಪೀತು. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಓಟದ ದಿನ ಹೊಸ ಪದಾರ್ಥ ಬಾಯಿಗೆ ಹಾಕಬಾರದು ಎಂಬ ಹಳಬರ ಮಾತು ಕರುಳಿನ ಅನುಭವದಿಂದ ಬಂದದ್ದು.

ಇಂಧನ ಖಾಲಿಯಾದ ಮೇಲೂ ಜನ ಓಡುತ್ತಾರಲ್ಲ, ಅದಕ್ಕೆ ಏನನ್ನೋಣ? 2010ರಲ್ಲಿ ಸಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರೊಬ್ಬರು ರಗ್ಬಿ ಆಟಗಾರರಿಂದ 242 ವ್ಯಾಟ್ ಶಕ್ತಿಯಲ್ಲಿ ಸೈಕಲ್ ತುಳಿಸಿದರು. ಸುಮಾರು ಹತ್ತು ನಿಮಿಷಕ್ಕೆ "ಇನ್ನಾಗದು" ಎಂದರು. ತಕ್ಷಣ "ಐದೇ ಸೆಕೆಂಡು, ಇದ್ದಷ್ಟೂ ಬಲ ಹಾಕಿ" ಎಂದಾಗ ಸರಾಸರಿ 731 ವ್ಯಾಟ್ ಬಂತು. ಸ್ನಾಯು ಸೋತಿರಲಿಲ್ಲ, ಈ ಕಷ್ಟ ಇನ್ನು ಸಾಕು ಎಂದು ಮನಸ್ಸು ತೀರ್ಮಾನಿಸಿತ್ತು. ಒಂದು ಕೋಟಿಗೆ ಹತ್ತಿರವಿರುವಷ್ಟು ಮ್ಯಾರಥಾನ್ ಸಮಯಗಳನ್ನು ಕಲೆಹಾಕಿದ ಅರ್ಥಶಾಸ್ತ್ರಜ್ಞರಿಗೂ ಇಂಥದೇ ಸುಳಿವು ಸಿಕ್ಕಿತು: ನಾಲ್ಕು ಗಂಟೆಗೆ ತುಸು ಮೊದಲು ಮುಗಿಸುವವರ ಗುಂಪು ದೊಡ್ಡದು, ತುಸು ಆಮೇಲೆ ಮುಗಿಸುವವರು ಥಟ್ಟನೆ ಕಡಿಮೆ. ಗುರಿ ಕಣ್ಣೆದುರಿದ್ದರೆ ಎಲ್ಲಿಂದಲೋ ಶಕ್ತಿ ಬರುತ್ತದೆ. ಧರ್ಮಕ್ಕೆ ಓಡುವವರಿಗೆ ಅಂಥದೊಂದು ಗುರಿ ಅಂಗಿಯ ಮೇಲೆಯೇ ಅಚ್ಚಾಗಿರುತ್ತದೆ.

ನನಗೆ ಆತಂಕ ಆಗುವುದು ಇಲ್ಲೇ. ಹಣ ತರುವ ಹಟವೇ ದೇಹದ ಎಚ್ಚರಿಕೆಗೆ ಕಿವುಡು ಮಾಡುತ್ತದೆ. ಮೊದಲ ಸಲದವರ ತರಬೇತಿ ಸಾಮಾನ್ಯವಾಗಿ ನಾಲ್ಕು ತಿಂಗಳದು. ಹೃದಯ, ಸ್ನಾಯುಗಳು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಮೂಳೆಗೆ ತಿಂಗಳುಗಳು ಬೇಕು. ಹೊಸ ಭಾರಕ್ಕೆ ಮೂಳೆ ಮೊದಲು ತನ್ನನ್ನು ಕೊಂಚ ಕೊರೆದುಕೊಂಡು, ಆಮೇಲೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆ ನಡುವೆ ಅದು ಮೊದಲಿಗಿಂತ ದುರ್ಬಲ. ಉಸಿರು ಸಲೀಸಾಯಿತು ಎಂದು ದೂರ ಏರಿಸುತ್ತಾ ಹೋದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲೋ ಪಾದದಲ್ಲೋ ಕೂದಲೆಳೆಯ ಬಿರುಕು ಬರುತ್ತದೆ. ಒಂದೇ ಜಾಗದಲ್ಲಿ ಚುಚ್ಚುವ, ದಿನದಿನಕ್ಕೆ ಹೆಚ್ಚುವ ನೋವು ಅದರ ಗುರುತು. ದೇಣಿಗೆ ಕೊಟ್ಟವರು ಎಂಬತ್ತು ಜನ ಇದ್ದಾರಲ್ಲ ಎಂದು ಮಾತ್ರೆ ನುಂಗಿ ಓಡುವವರಿದ್ದಾರೆ. ಬೆವರಿ ಒಣಗಿದ ಮೈಯಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆ ಮೂತ್ರಪಿಂಡಕ್ಕೂ ಹೊರೆ.

ಅದಕ್ಕಿಂತ ಕಡಿಮೆ ಗೊತ್ತಿರುವ ಅಪಾಯ ನೀರು. ನೀರು ಸಾಲದ ಅಪಾಯ ಎಲ್ಲರಿಗೂ ಗೊತ್ತು, ಹೆಚ್ಚಾದರೆ? 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಹೆಚ್ಚಾಗಿ ಯಾರಲ್ಲಿ? ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಓಡಿದವರಲ್ಲಿ ಮತ್ತು ಓಟದಲ್ಲಿ ತೂಕ ಇಳಿಸಿಕೊಳ್ಳುವ ಬದಲು ಏರಿಸಿಕೊಂಡವರಲ್ಲಿ. ನಿಧಾನದ ಓಟಗಾರರಿಗೆ ಪ್ರತಿ ನೀರಿನ ಮೇಜಿನ ಬಳಿಯೂ ನಿಂತು ಕುಡಿಯುವಷ್ಟು ಪುರುಸೊತ್ತಿರುತ್ತದೆ. ದೀರ್ಘ ಶ್ರಮದಲ್ಲಿ ನೀರು ಉಳಿಸು ಎಂದು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನು ಬೇರೆ ಹೆಚ್ಚಿರುತ್ತದೆ. ಕುಡಿದದ್ದು ಹೊರಹೋಗದೆ ರಕ್ತ ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಗಲಿಬಿಲಿ ಕಾಣಿಸಿಕೊಳ್ಳುತ್ತವೆ. ನೋಡಿದವರು ಬಿಸಿಲಿಗೆ ಬಳಲಿದ್ದಾರೆ ಎಂದು ಇನ್ನಷ್ಟು ನೀರು ಕುಡಿಸುತ್ತಾರೆ. ಸಾವು ಸಂಭವಿಸಿದ್ದೂ ಉಂಟು. ಬಾಯಾರಿದಾಗ ಕುಡಿಯುವುದು ಈಗ ಬಹುತೇಕ ತಜ್ಞರು ಒಪ್ಪುವ ಸಲಹೆ. ಅಭ್ಯಾಸದ ದಿನ ಓಟದ ಮೊದಲೂ ಆಮೇಲೂ ತೂಕ ನೋಡಿಕೊಂಡರೆ ಕುಡಿದದ್ದು ಹೆಚ್ಚಾಯಿತೇ ಎನ್ನುವುದು ತಿಳಿಯುತ್ತದೆ. ಕೊನೆಯಲ್ಲಿ ತೂಕ ಸ್ವಲ್ಪ ಇಳಿದಿರಬೇಕು.

ಇದೆಲ್ಲ ಓದಿ ಓಟ ಬಿಡಬೇಕಿಲ್ಲ. ನಿಧಾನಕ್ಕೆ ಶುರು ಮಾಡಿ, ತಿಂದುಕೊಂಡು ಓಡಿದ ಸಾವಿರಾರು ಸಾಮಾನ್ಯರು ಪ್ರತಿವರ್ಷ ಮುಗಿಸುತ್ತಾರೆ. ಹಣ ಕೇಳಿ ಕಳಿಸುವ ಸಂದೇಶದಲ್ಲಿ ಒಂದು ಸಾಲು ಸೇರಿಸುವುದು ಒಳ್ಳೆಯದು: "ನಾನು ನಡುವೆಯೇ ನಿಂತರೂ ನಿಮ್ಮ ಹಣ ಶಾಲೆಗೇ." ಕೊಟ್ಟವರೂ ಓಟದ ಬೆಳಗ್ಗೆ "ಬಿಡಬೇಡ, ಮುಗಿಸಲೇಬೇಕು" ಎಂದು ಹುರಿದುಂಬಿಸುವ ಮೊದಲು ಸ್ವಲ್ಪ ಯೋಚಿಸಲಿ. ಮ್ಯಾರಥಾನಿನಲ್ಲಿ ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳಲು ಬಸ್ಸು ಬರುತ್ತಿರುತ್ತದೆ. ಅದನ್ನು ಹತ್ತಿದವರು ತಂದ ದೇಣಿಗೆಯನ್ನು ಯಾವ ಶಾಲೆಯೂ ವಾಪಸು ಕಳಿಸುವುದಿಲ್ಲ.