ಪೊರೆ ತೆಗೆಸಿದ ಕಣ್ಣಿಗೆ ಹೊಳೆಯ ಬಿಸಿಲು

ಹೊಗೆನಕಲ್‌ನಲ್ಲಿ ಹರಿಗೋಲು ನಡೆಸಿ ಸಂಸಾರ ಸಾಕಿದವರು ನನ್ನ ಸೋದರಮಾವ. ಹೋದ ವರ್ಷ ಅವರ ಬಲಗಣ್ಣಿನ ಪೊರೆ ತೆಗೆಸಿ ಮಸೂರ ಕೂರಿಸಿದೆವು. ಪಟ್ಟಿ ಬಿಚ್ಚಿದ ದಿನ ಅವರ ಮೊದಲ ಮಾತು: "ಲೋ, ಆಕಾಸ ಇಷ್ಟು ನೀಲಿಯಾಗಿತ್ತೇನ್ಲಾ?"

ಎರಡು ತಿಂಗಳಿಗೆ ಮಾವ ಮತ್ತೆ ಹೊಳೆಗಿಳಿದರು. ಆಸ್ಪತ್ರೆಯ ಕಪ್ಪು ಕನ್ನಡಕ ಮಾತ್ರ ಮನೆಯ ಗೂಟದಲ್ಲೇ ನೇತಾಡುತ್ತಿತ್ತು. ಕೇಳಿದರೆ, "ಅದ ಹಾಕ್ಕಂಡ್ರೆ ಕುರುಡ ಅನ್ಕಂತಾರೆ. ನನ್ನ ಪರಿಸಲು ಯಾರು ಹತ್ತಾರು?" ಅಂದರು. ಹೊಟ್ಟೆಪಾಡಿನ ಮಾತು, ನಾನು ಸುಮ್ಮನಾದೆ.

ವಾರ ಕಳೆಯುವಷ್ಟರಲ್ಲಿ ಕಣ್ಣು ಕೆಂಡದಂತಾಯಿತು. ಗಾಬರಿಯಿಂದ ಧರ್ಮಪುರಿಗೆ ಕರೆದೊಯ್ದೆ. ಪುಣ್ಯಕ್ಕೆ ಕಣ್ಣೊಳಗೆ ಸೋಂಕು ಇರಲಿಲ್ಲ. ಬಿಸಿಲು, ಗಾಳಿ, ಎರಚುವ ನೀರಿನ ಕೆಲಸ. "ಸೋಂಕಾಗಿದ್ದರೆ ಕಣ್ಣೇ ಹೋಗ್ತಿತ್ತು, ಒಂದು ದಿನವೂ ಕಾಯಬಾರದು" ಎಂದರು ವೈದ್ಯರು.

ಅವರು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಬಿಸಿಲಿನಲ್ಲಿ ನಮಗೆ ಕಾಣದ ಅತಿನೇರಳೆ ಕಿರಣಗಳಿವೆ. ಹುಟ್ಟಿನಿಂದ ಬಂದ ಮಸೂರ ಇವುಗಳಲ್ಲಿ ಹೆಚ್ಚಿನದನ್ನು ತಾನೇ ಹೀರಿಕೊಂಡು ಒಳಗಿನ ಅಕ್ಷಿಪಟವನ್ನು ಕಾಯುತ್ತದೆ. ಪೊರೆಯ ಜೊತೆ ಆ ಕಾವಲೂ ಹೋಗುತ್ತದೆ. ಈಗ ಹಾಕುವ ಮಸೂರಗಳಲ್ಲಿ ಬಹುಪಾಲು ಈ ಕಿರಣ ತಡೆಯುವಂಥವೇ, ಹಳೆಯವು ಹಾಗಿರಲಿಲ್ಲ. 1992ರಲ್ಲಿ ಮದುರೆಯ ಅರವಿಂದ ಸಂಸ್ಥೆ 'ಅರೋಲ್ಯಾಬ್' ತೆರೆದ ಮೇಲೆ ಅಗ್ಗದ ಮಸೂರ ಬಡವರಿಗೂ ಸಿಕ್ಕಿತು. ಅದಕ್ಕೂ ಮುಂಚೆ ಶಿಬಿರಗಳಲ್ಲಿ ಬರೀ ಪೊರೆ ತೆಗೆಸಿ ದಪ್ಪ ಕನ್ನಡಕ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಅವರಿಗಂತೂ ಬಿಸಿಲಿನ ಎಚ್ಚರ ಇನ್ನೂ ಹೆಚ್ಚು ಬೇಕು.

ಒಳಗೆ ಒಳ್ಳೆಯ ಮಸೂರವಿದ್ದರೂ ಕಣ್ಣಿನ ಹೊರಭಾಗಕ್ಕೆ, ರೆಪ್ಪೆಗೆ ರಕ್ಷಣೆಯಿಲ್ಲ. ಹೊಲದಲ್ಲಿ, ಹೊಳೆಯಲ್ಲಿ ದುಡಿಯುವವರ ಕಣ್ಣಿನ ಬಿಳಿಭಾಗದಿಂದ ಮಾಂಸ ಬೆಳೆಯುವುದಕ್ಕೂ ಈ ಬಿಸಿಲೇ ದೊಡ್ಡ ಕಾರಣ.

ಬಸ್‌ಸ್ಟ್ಯಾಂಡಿನ ಕನ್ನಡಕ ಕಪ್ಪಗಿದ್ದರೆ ಸಾಲದು. ಕಪ್ಪು ಗಾಜಿನ ಹಿಂದೆ ಪಾಪೆ ಅಗಲವಾಗುತ್ತದೆ. ಕಿರಣ ತಡೆಯದ ಗಾಜಾದರೆ ಒಳಗೆ ಹೋಗುವುದೇ ಹೆಚ್ಚು. 'ಯುವಿ 400' ಗುರುತು ಕೇಳಿ, ಅಂಗಡಿಯಲ್ಲಿ ಯಂತ್ರವಿದ್ದರೆ ಪರೀಕ್ಷೆ ಮಾಡಿಸಿ. ಬಣ್ಣ ತೆಳುವಾಗಿದ್ದರೂ ಅಡ್ಡಿಯಿಲ್ಲ. ಪಕ್ಕದಿಂದ ಬೆಳಕು ನುಗ್ಗದಂತೆ ಅಗಲವಾಗಿರಲಿ. ಜೊತೆಗೆ ಅಂಚಿನ ಟೋಪಿ ಇರಲಿ. ಆದರೆ ಟೋಪಿಯೊಂದನ್ನೇ ನಂಬಬೇಡಿ: ಒಣ ಮರಳು ಈ ಕಿರಣಗಳಲ್ಲಿ ನೂರಕ್ಕೆ ಸುಮಾರು 15 ಪಾಲನ್ನು ಕೆಳಗಿನಿಂದ ವಾಪಸು ಎಸೆಯುತ್ತದೆ. ಮೋಡದ ದಿನವೂ ಕಿರಣ ಇದ್ದೇ ಇರುತ್ತದೆ.

ಹೊಗೆನಕಲ್‌ಗೆ ಬರುವವರಿಗೆ ಇನ್ನೊಂದು ಮಾತು. ಆಪರೇಷನ್ ಆದ ಹೊಸತರಲ್ಲಿ ಎಣ್ಣೆ ಮಸಾಜು, ಜಲಪಾತದ ಸ್ನಾನ ಬೇಡ. ವೈದ್ಯರು ಸರಿ ಅಂದ ಮೇಲೆ ಮಾಡಿ. ಕೆಂಪು, ನೋವು, ಮಂಜು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮಾವ ಈಗ ಕಂದು ಕನ್ನಡಕ, ಟೋಪಿ ಹಾಕಿಯೇ ಹುಟ್ಟು ಹಿಡಿಯುತ್ತಾರೆ. ಗಿರಾಕಿ ಕಮ್ಮಿಯಾದರಾ ಎಂದು ಕೇಳಿದೆ. "ಇಲ್ಲ ಕಣೋ, ಎಡಗಣ್ಣಿಗೂ ಮಾಡಿಸ್ಬೇಕು, ದಿನ ಗೊತ್ತು ಮಾಡು" ಅಂದರು.